ಸೋಪಕ್ಕನ ನಾಲಿಗೆ

ಸೋಪಕ್ಕನ ಹತ್ತಿರ ಸೋಪು ಕೊಳ್ಳುವುದು ಅಂದುಕೊಂಡಷ್ಟು ಸುಲಭವಲ್ಲ. ಮೊದಲು ಅವಳು ನಿಮ್ಮ ಕೈ ನೋಡಬೇಕು. ಭವಿಷ್ಯ ಹೇಳುವವರ ಹಾಗೆ ಅಂಗೈ ಹಿಡಿದು, ತಿರುಗಿಸಿ, ಬೆರಳ ಸಂದಿ ಬಿಡಿಸಿ ನೋಡಿ, "ಚೆನ್ನಾಗೇ ಇದೆಯಲ್ರೀ ಕೈ, ನಿಮಗೆ ಅಂಗಡಿ ಸೋಪೇ ಸಾಕು, ಯಾಕೆ ಸುಮ್ನೆ ದುಡ್ಡು ದಂಡ?" ಎಂದು ಬರಿಗೈಲಿ ಕಳಿಸಿದರೂ ಕಳಿಸಿದಳೇ. ಮನೆ ಬಾಗಿಲಿಗೆ ಬಂದ ಗಿರಾಕಿಯನ್ನು ಹೀಗೆ ಅಟ್ಟುವ ವ್ಯಾಪಾರಿಯನ್ನು ಎಲ್ಲಾದರೂ ಕಂಡಿದ್ದೀರಾ? ಆ ಬೀದಿಯವರು ದಿನಾ ಕಾಣುತ್ತಿದ್ದರು.

ಅವಳ ಸೋಪಿಗೆ ಅಂಗಡಿ ಸೋಪಿನ ನಾಲ್ಕರಷ್ಟು ಬೆಲೆ. ಹೊಸಬರು ಬೆಲೆ ಕೇಳಿ ಹುಬ್ಬೇರಿಸುತ್ತಾರೆ, ಆಮೇಲೆ ಸಮಾಧಾನಕ್ಕೆ ಒಂದು ಪ್ರಶ್ನೆ ಹಾಕುತ್ತಾರೆ: "ಇದರಲ್ಲಿ ಕೆಮಿಕಲ್ ಇಲ್ಲ ತಾನೇ?"

"ಇದೆ. ಕಾಸ್ಟಿಕ್ ಸೋಡಾ ಇದೆ. ಸೋಡಾ ಇಲ್ದೆ ಎಣ್ಣೆ ಸೋಪಾಗತ್ತಾ? ಕೆಮಿಕಲ್ಲೇ ಬೇಡ ಅಂದ್ರೆ ಎಣ್ಣೇನೇ ಸುರ್ಕೊಂಡು ಹೋಗಿ."

"ಅಲ್ಲ, ನ್ಯಾಚುರಲ್ ಅಂತಾರಲ್ಲ..."

"ಚೇಳಿನ ವಿಷಾನೂ ನ್ಯಾಚುರಲ್ಲೇ ಕಣಮ್ಮಾ. ಬೆಳ್ಳಗಿರೋದೆಲ್ಲ ಹಾಲಲ್ಲ, ಹಸಿರು ಎಲೆ ಚಿತ್ರ ಇರೋದೆಲ್ಲ ಒಳ್ಳೇದಲ್ಲ."

ಒಬ್ಬರು ನೆಲ ಒರೆಸುವುದಕ್ಕೂ ಅವಳ ಕೈಯದೇ ದ್ರಾವಣ ಬೇಕೆಂದು ಹಟ ಹಿಡಿದಿದ್ದರು. ಸೋಪಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿ, "ನೆಲಕ್ಕೆ ಚರ್ಮ ಇದೆಯೇನ್ರೀ? ಅಗ್ಗದ ಬಾಟಲಿ ತಗೊಂಡು ಒರೆಸಿ. ಮೈಗೆ ಮುಟ್ಟೋದಕ್ಕೆ ಮಾತ್ರ ಜಾಸ್ತಿ ದುಡ್ಡು ಕೊಡಿ" ಅಂದಳು. ಇದೊಂದೇ ಅವಳ ಶಾಸ್ತ್ರ.

ಹುಟ್ಟುತ್ತಲೇ ಅವಳೇನೂ ಸೋಪಕ್ಕನಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ದೊಡ್ಡ ಲಾಡ್ಜಿನ ಹಿಂಭಾಗದ ಕೋಣೆಯಲ್ಲಿ ಹಾಸಿಗೆ ಬಟ್ಟೆ ಒಗೆದವಳು. ಸಿಮೆಂಟಿನ ತೊಟ್ಟಿ, ಕಿಟಕಿ ಇದ್ದರೂ ಆಚೆ ಹೋಗಲು ಒಲ್ಲದ ಹಬೆ, ಮೂಗಿಗೆ ಹತ್ತುವ ಸೋಪಿನ ಪುಡಿ. ಬಿಳಿ ಬಟ್ಟೆಯ ಮೇಲೆ ಒಂದು ಚುಕ್ಕೆ ಉಳಿದರೆ ಮ್ಯಾನೇಜರು ಆಕಾಶ ಭೂಮಿ ಒಂದು ಮಾಡುತ್ತಿದ್ದ. ಅವಳ ಕೈ ಬಿರಿದು ರಕ್ತ ಬಂದರೆ ಆ ಮಹಾರಾಯನಿಗೆ ಕಾಣಿಸುತ್ತಲೇ ಇರಲಿಲ್ಲ. ಉಪ್ಪು ಮುಟ್ಟಿದರೆ ಉರಿ, ನಿಂಬೆಹಣ್ಣು ಹಿಂಡಿದರೆ ಜೀವ ಹೋದ ಹಾಗೆ. ಒಂದು ದಿನ ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಯಂತ್ರದ ಮೇಲೆ ಬೆರಳಿಟ್ಟರೆ ಯಂತ್ರ ಒಪ್ಪಲಿಲ್ಲ. ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟಳು. ಗುಮಾಸ್ತ ಕನಿಕರದಿಂದ, "ಅಮ್ಮಾ, ನಿಮ್ಮ ಬೆರಳಲ್ಲಿ ಗೆರೆನೇ ಉಳ್ದಿಲ್ಲ" ಅಂದ. ಅವತ್ತು ಮನೆಗೆ ಬಂದು ಅತ್ತಳು. ಮಾರನೆಯ ದಿನ ಕೆಲಸ ಬಿಟ್ಟಳು.

ಪಕ್ಕದ ಮನೆಯಲ್ಲಿ ಸೋಪಿನ ಕಾರ್ಖಾನೆಯಿಂದ ನಿವೃತ್ತನಾದ ಒಬ್ಬ ತಾತ ಇದ್ದ. ಅವನೇ ಅವಳಿಗೆ ಗುರು. ಎಣ್ಣೆ ಎಷ್ಟು, ಸೋಡಾ ಎಷ್ಟು, ಕಲಸಿ ಅಚ್ಚಿಗೆ ಹೊಯ್ದು ಕತ್ತರಿಸಿದ ಮೇಲೆ ಆರು ವಾರ ಮರದ ತಟ್ಟೆಯ ಮೇಲೆ ಗಾಳಿಗಿಡಬೇಕು, ಎಲ್ಲ ಹೇಳಿಕೊಟ್ಟ. ಕೊನೆಯ ಪಾಠ ಮಾತ್ರ ವಿಚಿತ್ರದ್ದು. ಆರು ವಾರ ತುಂಬಿದ ದಿನ ಒಂದು ಸೋಪನ್ನು ಒದ್ದೆ ಮಾಡಿ ನಾಲಿಗೆ ತುದಿಗೆ ಮುಟ್ಟಿಸಬೇಕು. ಎಣ್ಣೆಗೆ ಸೇರದೆ ಸೋಡಾ ಉಳಿದಿದ್ದರೆ ಬ್ಯಾಟರಿ ನೆಕ್ಕಿದ ಹಾಗೆ ಚುರ್ ಅನ್ನುತ್ತದೆ. ಚುರ್ ಅಂದರೆ ಆ ಸಾಲು, ಅಂದರೆ ಒಟ್ಟಿಗೆ ಮಾಡಿದ ಅಷ್ಟೂ ಸೋಪು, ಮಾರುವ ಹಾಗಿಲ್ಲ. "ತಕ್ಕಡಿ ಸುಳ್ಳು ಹೇಳ್ಬಹುದು ಮಗಳೇ, ನಾಲಿಗೆ ಹೇಳಲ್ಲ" ಎಂದಿದ್ದ ತಾತ.

ಆ ಸೋಪಿನಲ್ಲೇ ಎರಡು ವರ್ಷ ಕೈ ತೊಳೆದು ಮತ್ತೆ ಅದೇ ಬ್ಯಾಂಕಿಗೆ ಹೋದಳು. ಬೆರಳಿಟ್ಟ ತಕ್ಷಣ ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವ ಹಾಗೆ, "ಬಂತು ನೋಡ್ರೀ, ನನ್ನ ಗೆರೆ ಬಂತು!" ಎಂದು ಕೂಗಿದಳು. ಕಾವಲುಗಾರ ಗಾಬರಿಯಾಗಿ ಓಡಿಬಂದನಂತೆ.

ಹೀಗೆ ಒಂಬತ್ತು ವರ್ಷ ನಡೆಯಿತು. ಇಪ್ಪತ್ತು ಮೂವತ್ತು ಮನೆಯ ಕಾಯಂ ಗಿರಾಕಿಗಳು, ಹೊದಿಕೆ ಕಾಗದದ ಮೇಲೆ ಅವಳೇ ಪೆನ್ಸಿಲಿನಲ್ಲಿ ಬರೆಯುವ ತಯಾರಿಯ ತಾರೀಖು, ಅಷ್ಟೇ ಅವಳ ಕಂಪನಿ. ದೊಡ್ಡ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತ ದಿನಕ್ಕೆ ಹತ್ತು ಗಂಟೆ ನಿಂತು ಕಾಲು ಬಾತುಕೊಳ್ಳುತ್ತಿದ್ದ ಸೊಸೆಗೆ ಅವಳೇ ಒಂದು ದಿನ ಹೇಳಿದಳು: "ಬಿಟ್ಟು ಬಾರೇ ಹುಡುಗಿ. ಇಬ್ಬರೂ ಸೇರಿ ಮಾಡೋಣ. ನಾನಿದ್ದೀನಿ." ಸೊಸೆ ಆ ಮಾತು ನಂಬಿ ಸಂಬಳದ ಕೆಲಸ ಬಿಟ್ಟು ಬಂದಳು. ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, ನರ್ಸಮ್ಮ ಬಾಗಿಲು ತಟ್ಟಿದಳು.

ನರ್ಸಮ್ಮ ಮೂರು ಬೀದಿ ಆಚೆಯ ಆಸ್ಪತ್ರೆಯವಳು. ದಿನಕ್ಕೆ ನಲವತ್ತು ಸಲ ಕೈ ತೊಳೆಯುವ ಉದ್ಯೋಗ. ಚಿಕ್ಕ ಡಬ್ಬಿಯಲ್ಲಿ ಸೋಪಕ್ಕನ ಸೋಪನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡುವವಳು.

"ಅಕ್ಕಾ, ಇನ್ನೊಂದು ಸೋಪು ಕೊಡಿ. ಈ ಸಲದ್ದು ಮುಗೀತಾ ಬಂತು."

ಎಂದಿನಂತೆ ಕೈ ಚಾಚಲಿಲ್ಲ. ಸೋಪಕ್ಕನಿಗೆ ಅದು ತಕ್ಷಣ ಕಣ್ಣಿಗೆ ಬಿತ್ತು.

"ಕೈ ತೋರ್ಸು."

"ಏನಿಲ್ಲ ಬಿಡಿ ಅಕ್ಕಾ."

"ತೋರ್ಸು ಅಂದೆ."

ತೋರಿಸಿದಳು. ಬೆರಳ ಸಂದಿಯೆಲ್ಲ ಕೆಂಪು, ಗೆಣ್ಣಿನ ಮೇಲೆ ಚರ್ಮ ಬಿರಿದಿತ್ತು. ಸೋಪಕ್ಕನಿಗೆ ತೊಟ್ಟಿಯ ಮುಂದೆ ನಿಂತ ತನ್ನದೇ ಹಳೆಯ ಕೈ ನೋಡಿದ ಹಾಗಾಯಿತು.

"ವಾರ್ಡಲ್ಲಿ ಹೊಸ ಸ್ಯಾನಿಟೈಸರ್ ತಂದಿದ್ದಾರೆ ಅಕ್ಕಾ, ಅದರದ್ದೇ ಕೆಲ್ಸ ಇದು" ಎಂದಳು ನರ್ಸಮ್ಮ. "ಅದಕ್ಕೇ ನಿಮ್ಮ ಸೋಪಲ್ಲಿ ಇನ್ನೂ ನಾಲ್ಕು ಸಲ ಜಾಸ್ತಿ ತೊಳ್ಕೋತಿದೀನಿ."

ಸೋಪಕ್ಕ ಅವಳ ಡಬ್ಬಿ ತೆಗೆಸಿ, ಸೋಪಿನ ಚೂರನ್ನು ನಲ್ಲಿಯ ಕೆಳಗೆ ಒದ್ದೆ ಮಾಡಿ ನಾಲಿಗೆಗೆ ಮುಟ್ಟಿಸಿದಳು. ಚುರ್ ಅಂತು. ಹಿಂದಿನ ಕೋಣೆಗೆ ಓಡಿ ಅದೇ ಸಾಲಿನ ಇನ್ನೊಂದು ಸೋಪು ತೆಗೆದಳು. ಅದೂ ಚುರ್. ಮತ್ತೊಂದು. ಅದೂ ಅಷ್ಟೇ.

"ಲೇ, ಈ ಸಾಲು ತಟ್ಟೆಯಿಂದ ಇಳಿಸಿದ್ದು ಯಾವತ್ತೇ?"

ಸೊಸೆ ನೆನಪು ಮಾಡಿಕೊಂಡಳು. "ನೀವು ದವಡೆ ಹಲ್ಲು ಕೀಳಿಸ್ಕೊಂಡು ಬಂದ್ರಲ್ಲ ಅತ್ತೆ, ಅವತ್ತೇ ಮಧ್ಯಾಹ್ನ."

ಅಯ್ಯೋ ದೇವರೇ! ಹಲ್ಲಿನ ಡಾಕ್ಟರು ದವಡೆಗೆ ಚುಚ್ಚಿದ ಇಂಜೆಕ್ಷನ್ನಿಗೆ ಅವತ್ತು ಸಂಜೆಯವರೆಗೂ ಅವಳ ನಾಲಿಗೆ ಮರದ ತುಂಡಾಗಿತ್ತು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಆರು ವಾರ ತುಂಬಿತಲ್ಲ ಎಂದು ಅಭ್ಯಾಸಬಲದಿಂದ ಸೋಪು ಮುಟ್ಟಿಸಿ ನೋಡಿದ್ದಳು. ಏನೂ ಅನ್ನಿಸಲಿಲ್ಲ. ಆ ನಾಲಿಗೆಯ ಮೇಲೆ ಕೆಂಡ ಇಟ್ಟಿದ್ದರೂ ಏನೂ ಅನ್ನಿಸುತ್ತಿರಲಿಲ್ಲ. "ಚೆನ್ನಾಗಿದೆ" ಎಂದು ತೊದಲಿ ಅರವತ್ತೆಂಟು ಸೋಪನ್ನೂ ಮಾರಾಟಕ್ಕಿಳಿಸಿದ್ದಳು, ಪುಣ್ಯಾತ್ಗಿತ್ತಿ.

ಆದರೆ ಸೋಡಾ ಉಳಿದದ್ದಾದರೂ ಹೇಗೆ? ಅದಕ್ಕೂ ಉತ್ತರ ಮೂಲೆಯಲ್ಲೇ ಕೂತಿತ್ತು, ಹಳೇ ಪೇಪರು ತುಂಬಿಸಿಟ್ಟ ಎಣ್ಣೆ ಡಬ್ಬದ ರೂಪದಲ್ಲಿ. ಅವಳು ಯಾವಾಗಲೂ ತರಿಸುತ್ತಿದ್ದದ್ದು ಐದು ಕೆಜಿಯ ಡಬ್ಬ. ಸೀಲು ಒಡೆದರೆ ಪೂರ್ತಿ ಸುರಿಯುವುದು, ಲೆಕ್ಕ ಸರಿಯಾಗುತ್ತಿತ್ತು. ಆ ಸಲ ಗಾಣದಂಗಡಿ ಮುಚ್ಚಿದ್ದರಿಂದ ಅವಳ ಗಂಡ, ಮನೆಯ ಯಜಮಾನರು, ಬೇರೆ ಅಂಗಡಿಯಿಂದ ತಂದಿದ್ದರು. ಅದರ ಮೇಲಿದ್ದದ್ದು ಐದು ಲೀಟರ್. ಐದು ಲೀಟರ್ ಎಣ್ಣೆ ಐದು ಕೆಜಿ ತೂಗುವುದಿಲ್ಲ, ಹತ್ತಿರ ಹತ್ತಿರ ಅರ್ಧ ಕೆಜಿ ಕಡಿಮೆ. ಎಣ್ಣೆ ಕಮ್ಮಿ, ಸೋಡಾ ಮಾತ್ರ ಹಳೇ ಲೆಕ್ಕದ್ದು. ತಿನ್ನಲು ಎಣ್ಣೆ ಸಿಗದ ಸೋಡಾ ಜನರ ಕೈ ತಿನ್ನುತ್ತಿತ್ತು.

"ನಾನು ಐದು ಅಂತ ನೋಡ್ದೆ ಕಣೇ" ಎಂದರು ಯಜಮಾನರು, ಪಾಪ, ಡಬ್ಬವನ್ನು ಕಣ್ಣಿಗೆ ಹತ್ತಿರ ಹಿಡಿದು. "ಪಕ್ಕದ ಸಣ್ಣಕ್ಷರ ಯಾರು ಓದ್ತಾರೆ?"

"ಮೂವತ್ತು ವರ್ಷ ಬಸ್ಸಲ್ಲಿ ಟಿಕೆಟ್ ಹರಿದೋರು, ನಿಮಗೆ ಸಣ್ಣಕ್ಷರ ಕಾಣ್ದಾ?" ಎಂದು ರೇಗಿದವಳು, ಅವರ ಮುಖ ಸಣ್ಣದಾದದ್ದು ನೋಡಿ ದನಿ ಇಳಿಸಿದಳು. "ಹೋಗ್ಲಿ ಬಿಡ್ರೀ. ತಂದದ್ದು ನೀವು, ತೂಗದೆ ಸುರಿದೋಳು ನಾನು. ತಪ್ಪು ನಂದೇ."

ನರ್ಸಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಹಳೆಯ ಸಾಲಿನ ಸೋಪು ಕೊಟ್ಟು, ಕೈಗೆ ಎಣ್ಣೆ ಹಚ್ಚಿ ಕಳಿಸಿದ ಮೇಲೆ ಉಳಿದ ಸೋಪು ಎಣಿಸಿದಳು. ನಲವತ್ತು ಸೋಪು ಆಗಲೇ ಇಪ್ಪತ್ತಾರು ಮನೆ ಸೇರಿತ್ತು. ಸೊಸೆಯೇ ಮೊದಲು ಬಾಯಿ ಬಿಟ್ಟಳು.

"ಅತ್ತೆ, ಉಳಿದಿರೋದನ್ನ ಎತ್ತಿಟ್ಟುಬಿಡೋಣ. ಬೇರೆ ಯಾರೂ ಬಂದು ಕೇಳಿಲ್ವಲ್ಲ. ನಾವಾಗೇ ಹೋಗಿ, ನಮ್ಮ ಸೋಪು ಕೆಟ್ಟಿದೆ ಅಂತ ಮನೆಮನೆಗೂ ಸಾರ್ಕೊಂಡು ಬಂದ್ರೆ, ನಾಳೆ ಈ ಬೆಲೆ ಕೊಟ್ಟು ಯಾರು ತಗೋತಾರೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ನಾನು ಕೆಲ್ಸಾನೂ ಬಿಟ್ಟು ಬಂದಿದೀನಿ."

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಹೆದರಿಕೆ ಎಲ್ಲರಿಗೂ ಇರುವುದೇ. ಸೋಪಕ್ಕನಿಗೂ ಇತ್ತು. ನಾನಿದ್ದೀನಿ ಎಂದು ಕರೆದು ತಂದ ಹುಡುಗಿ ಎದುರಿಗೆ ನಿಂತಿದ್ದಾಳೆ. ಹೆಸರು ಹೋದರೆ ಇಬ್ಬರೂ ಬೀದಿಗೆ ಬಂದ ಹಾಗೆ.

"ಯಾರೂ ಯಾಕೆ ಬಂದು ಕೇಳ್ಲಿಲ್ಲ ಗೊತ್ತೇನೇ?" ಎಂದಳು ಸೋಪಕ್ಕ. "ನಂಬಿದಾರೆ ಕಣೇ. ನರ್ಸಮ್ಮನ ಕೈ ಉರೀತಿತ್ತು, ಆಸ್ಪತ್ರೆ ಮೇಲೆ ಅನುಮಾನ ಪಟ್ಳು, ನನ್ನ ಮೇಲೆ ಪಡ್ಲಿಲ್ಲ. ಉರಿ ಕಮ್ಮಿ ಆಗ್ಲಿ ಅಂತ ಅದೇ ಸೋಪನ್ನ ಇನ್ನೂ ಜಾಸ್ತಿ ಹಚ್ಕೊಂಡ್ಳು! ಅಂಥೋರ ಬೆನ್ನಿಗೆ ಚೂರಿ ಹಾಕಿ ನಾನು ಯಾವ ಬಾಯಲ್ಲಿ ಅನ್ನ ತಿನ್ಲಿ? ಏಳು, ಚೀಲ ತಗೋ."

ಚಪ್ಪಲಿ ಮೆಟ್ಟುವಾಗಲೇ ಅವಳಿಗೆ ಒಂದು ಯೋಚನೆ ಹೊಳೆಯಿತು. ಮೂಲೆ ಮನೆಯ ಅಜ್ಜಿ. ಹೋದ ವಾರ ಎರಡು ಸೋಪು ಕೊಂಡಿದ್ದರು, ಆ ಮನೆಯಲ್ಲಿ ಹಸುಗೂಸು ಇದೆ. ಅರವತ್ತರ ಹತ್ತಿರದ ಹೆಂಗಸು ಸೀರೆ ಎತ್ತಿ ಕಟ್ಟಿ ನಡುಬೀದಿಯಲ್ಲಿ ಓಡಿದ್ದನ್ನು ಎಲ್ಲರೂ ನೋಡಿದರು. ಹಿಂದೆ ಚೀಲ ಹಿಡಿದ ಸೊಸೆ.

"ಅಜ್ಜೀ, ಮಗೂಗೆ ನನ್ನ ಸೋಪು ಹಾಕಿದ್ರಾ?"

ಅಜ್ಜಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದರು. ತಲೆಯೆತ್ತಿ ನೋಡಿ, "ನಿನಗೇನಾಯ್ತೇ?" ಎಂದರು. "ಕೂಸಿಗೆ ಆರು ತಿಂಗಳು ಯಾವ ಸೋಪೂ ಬೇಡ, ಬರೀ ನೀರು ಸಾಕು, ನನ್ನದೂ ಹಾಕ್ಬೇಡಿ, ಅದಕ್ಕೇ ಅಂತ ಕೇಳೋದಾದ್ರೆ ಕೊಡಲ್ಲ ಅಂತ ನೀನೇ ಜಗಳ ಆಡಿದ್ಯಲ್ಲ. ಎರಡೂ ನನಗೇ ತಗೊಂಡಿದ್ದು. ಇನ್ನೂ ಬಿಚ್ಚಿಲ್ಲ."

ಸೋಪಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಸೆರಗು ಬಾಯಿಗಿಟ್ಟು ಗಳಗಳ ಅತ್ತಳು. ಗಿರಾಕಿಯನ್ನು ಅಟ್ಟುವ ತನ್ನ ಹಾಳು ಬುದ್ಧಿ ಒಂದು ಕೂಸನ್ನು ಕಾಪಾಡಿತ್ತು. ಮಗು ಅವಳನ್ನೇ ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಅಜ್ಜಿ ನೀರು ಕೊಟ್ಟರು. ಕುಡಿದು, ಕಣ್ಣೊರೆಸಿಕೊಂಡು, ಎರಡು ಸೋಪು ಚೀಲಕ್ಕೆ ಹಾಕಿಕೊಂಡು ಎದ್ದಳು.

ಮೂರು ದಿನ ಸುತ್ತಿದರು. ಮೊದಲ ದಿನ ಸೊಸೆ ಗೇಟಿನ ಆಚೆಗೇ ನಿಲ್ಲುತ್ತಿದ್ದಳು, ಮುಖ ಎಲ್ಲಿಡಬೇಕೆಂದು ತಿಳಿಯದೆ. ಅತ್ತೆ ಮಾತ್ರ ಪ್ರತಿ ಬಾಗಿಲಲ್ಲೂ ಅದೇ ಕಥೆ, ಹಲ್ಲು, ಇಂಜೆಕ್ಷನ್, ಲೀಟರ್, ಒಂದಕ್ಷರ ಮುಚ್ಚದೆ ಹೇಳುತ್ತಿದ್ದಳು. ಕೆಲವರು ನಕ್ಕರು. ಇಬ್ಬರು, ಹೌದು ಕೈ ಸ್ವಲ್ಪ ಉರೀತಿತ್ತು, ಹವಾ ಸರಿಯಿಲ್ಲ ಅಂದ್ಕೊಂಡ್ವಿ ಎಂದರು. ಒಬ್ಬಾಕೆ ಸೋಪನ್ನು ಬಚ್ಚಲಲ್ಲಿ ನೆಂಟರಿಗೆಂದು ಚಂದವಾಗಿ ಜೋಡಿಸಿಟ್ಟಿದ್ದಳು, ನೀರೇ ಸೋಕಿಸಿರಲಿಲ್ಲ. ಗ್ಯಾರೇಜಿನ ಮೇಸ್ತ್ರಿಯಂತೂ ಕೊಡಲೊಲ್ಲೆ ಎಂದ. "ಈ ಸಲದ್ದು ಸೂಪರ್ ಅಕ್ಕಾ, ಗ್ರೀಸೆಲ್ಲ ಒಂದೇ ಏಟಿಗೆ ಹೋಗತ್ತೆ!" ಅವನ ಕೈಯಿಂದ ಕಿತ್ತುಕೊಳ್ಳಬೇಕಾಯಿತು.

ಎಲ್ಲರೂ ಹೀಗೇ ಇರಲಿಲ್ಲ. "ದುಡ್ಡು ಮಾತ್ರ ನಾಲ್ಕು ಪಾಲು ಎಣಿಸ್ಕೊಂಡ್ರಿ, ಇನ್ನು ಈ ಕಡೆ ಬರ್ಬೇಡಿ" ಎಂದು ಒಬ್ಬಳು ಮುಖದ ಮೇಲೆ ಬಾಗಿಲು ಹಾಕಿದಳು. ಮತ್ತೆರಡು ಮನೆಯವರು ಬಾಯಲ್ಲಿ ಹೇಳದಿದ್ದರೂ ಕಣ್ಣಲ್ಲಿ ಹೇಳಿದರು. ಸೋಪಕ್ಕ ಯಾರಿಗೂ ಎದುರಾಡಲಿಲ್ಲ. ಹಳೇ ಸೋಪು ಇರುವ ತನಕ ಬದಲಿ ಕೊಟ್ಟಳು, ಮುಗಿದ ಮೇಲೆ ದುಡ್ಡು ಹಿಂದಿರುಗಿಸಿದಳು. ಬಾಗಿಲು ಹಾಕಿಸಿಕೊಂಡ ಆ ಮನೆಯಿಂದ ಮುಂದಿನ ಮನೆಗೆ ಹೋಗುವಾಗ ಸೊಸೆ ಹಿಂದೆ ಉಳಿಯಲಿಲ್ಲ. ತಾನೇ ಮುಂದೆ ಹೋಗಿ ಕರೆಗಂಟೆ ಒತ್ತಿದಳು.

ಕೊನೆಯ ಮನೆ ಮೇಷ್ಟ್ರದ್ದು. ಮೂರನೇ ಮಹಡಿ, ಲಿಫ್ಟು ಕೆಟ್ಟು ಯಾವ ಕಾಲವಾಗಿತ್ತೋ. ಮೇಷ್ಟ್ರು ನಿವೃತ್ತರಾಗಿದ್ದರೂ ಪಾಠ ನಿಲ್ಲಿಸಿರಲಿಲ್ಲ. ಸೋಪು ಕೊಳ್ಳುವಾಗಲೆಲ್ಲ, ಈ ನೈಸರ್ಗಿಕ ಎನ್ನುವುದೇ ದೊಡ್ಡ ಬೂಟಾಟಿಕೆ ಎಂದು ಅರ್ಧ ಗಂಟೆ ಭಾಷಣ ಮಾಡಿ, ಚೌಕಾಸಿ ಮಾಡಿ, ಸೋತು, ಗೊಣಗುತ್ತ ಕೊಂಡು ಹೋಗುವವರು. ಸೋಪಕ್ಕ ಏದುಸಿರು ಬಿಡುತ್ತ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಹೇಳ್ತಿರ್ಲಿಲ್ವಾ? ಈಗ ನೀವೇ ಒಪ್ಕೊಂಡ್ರಿ. ಹಾಗಾದ್ರೆ ನಿಮ್ಮ ಸೋಪಿಗೂ ಅಂಗಡಿ ಸೋಪಿಗೂ ಏನಮ್ಮ ವ್ಯತ್ಯಾಸ? ಅದೂ ಸುಡತ್ತೆ, ಇದೂ ಸುಡತ್ತೆ. ಅದು ಅಗ್ಗದಲ್ಲಿ ಸುಡತ್ತೆ, ಅಷ್ಟೇ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಸೋಪಕ್ಕನಿಗೆ ಉತ್ತರ ಹೊಳೆಯಲಿಲ್ಲ. ಅವಳ ಬಾಯಿ ಕಟ್ಟಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ. ತಲೆ ತಗ್ಗಿಸಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಗ ಹಿಂದಿನಿಂದ ಸೊಸೆಯ ದನಿ ಬಂತು.

"ಸಾರ್, ಅಂಗಡಿ ಸೋಪು ನಿಮ್ಮ ಕೈ ಸುಟ್ಟಾಗ ಅದನ್ನ ಮಾಡಿದೋರು ಮೂರು ಮಹಡಿ ಹತ್ತಿ ಬಂದಿದ್ರಾ?"

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. ಹುಡುಗಿ ನಿಲ್ಲಿಸಲಿಲ್ಲ.

"ಅದನ್ನ ಮಾಡಿದೋರು ಯಾರು ಅಂತಾನಾದ್ರೂ ನಿಮಗೆ ಗೊತ್ತಾ? ನಮ್ಮತ್ತೆ ಮೂರು ದಿನದಿಂದ ನಡೀತಿದಾರೆ ಸಾರ್. ಕಾಲು ಬಾತಿದೆ ನೋಡಿ. ಎಣ್ಣೆ ಯಾರು ಬೇಕಾದ್ರೂ ತಂದು ಹಾಕ್ಬಹುದು. ನೀವು ಜಾಸ್ತಿ ಕೊಡೋ ದುಡ್ಡು ಎಣ್ಣೆಗಲ್ಲ."

ಸೋಪಕ್ಕ ತಿರುಗಿ ಸೊಸೆಯನ್ನು ನೋಡಿದಳು. ಹೆಮ್ಮೆ ಎಂದರೆ ಹೆಮ್ಮೆ, ಹೆಬ್ಬೆಟ್ಟಿನ ಗೆರೆ ಮರಳಿ ಬಂದ ದಿನಕ್ಕಿಂತ ಒಂದು ತೂಕ ಹೆಚ್ಚಿನ ಹೆಮ್ಮೆ.

ಮೇಷ್ಟ್ರು ಒಳಗೆ ಹೋಗಿ, ಅರ್ಧ ಸವೆದ ಸೋಪನ್ನು ಕಾಗದದಲ್ಲಿ ಸುತ್ತಿ ತಂದು ಸೊಸೆಯ ಕೈಗೇ ಕೊಟ್ಟರು. ಆದರೂ ಮೇಷ್ಟ್ರಲ್ಲವೇ, ಪರೀಕ್ಷೆ ಮಾಡದೆ ಬಿಟ್ಟಾರೆಯೇ?

"ಸರಿ. ಮುಂದಿನ ಸಲ ಬೆಲೆ ಸ್ವಲ್ಪ ಇಳಿಸ್ತೀರೇನಮ್ಮ? ತಪ್ಪಿಗೆ ದಂಡ ಅಂತ?"

ಸೋಪಕ್ಕನ ನಾಲಿಗೆಗೆ ಜೀವ ಬಂತು. "ದಂಡ ಕಟ್ಟಿದ್ದಾಯ್ತಲ್ಲ ಮೇಷ್ಟ್ರೇ, ಕಾಲಲ್ಲಿ. ಬೆಲೆ ಅಷ್ಟೇ. ಒಂದು ಪೈಸೆ ಇಳಿಯಲ್ಲ."

"ಇಳಿಸಿದ್ರೆ ನಾನೇ ತಗೋತಿರ್ಲಿಲ್ಲ" ಎಂದರು ಮೇಷ್ಟ್ರು. "ಎರಡು ಎತ್ತಿಡಿ."

ಮೆಟ್ಟಿಲಿಳಿಯುವಾಗ ಸೋಪಕ್ಕ ಕೇಳಿದಳು, "ಆ ಮಾತು ಯಾರು ಹೇಳ್ಕೊಟ್ರೇ ನಿಂಗೆ?"

"ಯಾರೂ ಇಲ್ಲ ಅತ್ತೆ. ನಿಮ್ಮ ಹಿಂದೆ ನಡೀತಾ ನಡೀತಾ ಬಂತು."

ಎರಡನೇ ಮಹಡಿಯಲ್ಲಿ ಸದ್ದು ಕೇಳಿ ಯಾರೋ ಹೊಸದಾಗಿ ಬಂದ ಹೆಂಗಸು ಬಾಗಿಲು ತೆರೆದು, ಚೀಲ ಹೊತ್ತ ಇಬ್ಬರನ್ನೂ ಅನುಮಾನದಿಂದ ನೋಡಿದಳು. "ಯಾರಮ್ಮಾ ನೀವು?"

ಸೋಪಕ್ಕ ಸೊಸೆಯ ಹೆಗಲ ಮೇಲೆ ಕೈ ಹಾಕಿ ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡಳು.

"ನಾವು ಸೋಪು ಮಾಡೋರಮ್ಮಾ" ಎಂದಳು.